ಬಿದ್ದ ಕಡೆಯವರು ಹೇಳಬೇಕು

ರಾಯದುರ್ಗದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುವುದು ಸಂಜೆ ಗಾಳಿ ನಿಂತ ಮೇಲೆ. ಹಳದಿ ಉಣ್ಣೆಯ ಆ ಚೆಂಡು ಅಂಗೈಯಲ್ಲಿಟ್ಟುಕೊಂಡರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಗಾಳಿ ಇದ್ದರೆ ಹೊಡೆದ ದಿಕ್ಕು ಒಂದು, ಅದು ಹೋಗುವ ದಿಕ್ಕು ಒಂದು. ಆಷಾಢದಲ್ಲಿ ಕೆಲವು ಸಂಜೆ ಗಾಳಿ ನಿಲ್ಲುವುದೇ ಇಲ್ಲ. ಆಗ ಆಟಗಾರರು ಬ್ಯಾಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೋರ್ಟಿನ ಅಂಚಿನಲ್ಲಿ ಕುಳಿತು, ಕತ್ತಲಾಗುವ ತನಕ ಮಾತಾಡಿ ಎದ್ದು ಹೋಗುತ್ತಾರೆ.

ನಮ್ಮೂರಿನಲ್ಲಿ ಎರಡು ಕೋರ್ಟುಗಳಿವೆ. ಬೆಟ್ಟದ ಬುಡದಲ್ಲಿರುವುದು ಮೇಲಿನ ಕೋರ್ಟು. ಅಲ್ಲಿ ಅಂಗಡಿಯವರು, ಮೇಷ್ಟ್ರುಗಳು, ಕುರಿ ಸಾಕುವ ಮನೆಗಳ ಒಂದಿಬ್ಬರು ಆಡುತ್ತಾರೆ. ಹೊಲಿಗೆಯವರ ಓಣಿಗಳ ಮಧ್ಯೆ ಇರುವುದು ಕೆಳಗಿನ ಕೋರ್ಟು. ಅಲ್ಲಿ ಆಡುವವರೆಲ್ಲ ಬಹುತೇಕ ಟೈಲರುಗಳು. ನನ್ನ ಭಾವ, ಅಂದರೆ ಅಕ್ಕನ ಗಂಡ, ಕೆಳಗಿನ ಕೋರ್ಟಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದ. ಒಂದು ಕಡೆಗೆ ಐದು ಜನ. ಮುಂದೆ ಇಬ್ಬರು, ನಡುವೆ ಒಬ್ಬ, ಹಿಂದೆ ಇಬ್ಬರು. ಭಾವ ಹಿಂದಿನ ಎಡಗಡೆಯವನು.

ಬಳ್ಳಾರಿಯಿಂದ ಕತ್ತರಿಸಿದ ಜೀನ್ಸ್ ಬಟ್ಟೆಯ ಕಟ್ಟುಗಳು ಅವನ ಶೆಡ್ಡಿಗೆ ಬರುತ್ತವೆ. ಬೆಳಗಿನಿಂದ ಬಗ್ಗಿ ಕುಳಿತು ಅದೇ ಹೊಲಿಗೆ. ಐದಕ್ಕೆ ಏಳುತ್ತಿದ್ದ. ಎಷ್ಟು ತುರ್ತಿನ ಕೆಲಸವಿದ್ದರೂ ಏಳುತ್ತಿದ್ದ. ಇದೊಂದರ ಬಗ್ಗೆ ಅಕ್ಕ ಜಗಳವಾಡಿ ಸೋತು ಸುಮ್ಮನಾಗಿದ್ದಳು. "ಮನುಷ್ಯ ಬೆನ್ನು ನೆಟ್ಟಗೆ ಮಾಡಾದು ಅಲ್ಲೊಂದು ಕಡೆನೇ, ಹೋಗ್ಲಿ ಬಿಡು" ಎಂದು ಒಮ್ಮೆ ನನಗೆ ಹೇಳಿದ್ದಳು. ಭಾವನಿಗೆ ಸಿನಿಮಾ ಇಲ್ಲ, ಇಸ್ಪೀಟು ಇಲ್ಲ, ರಾಜಕೀಯ ಇಲ್ಲ. ಇದ್ದದ್ದು ಆ ಐವರಲ್ಲಿ ತನ್ನದೊಂದು ಜಾಗ. ಅದು ಹೋದರೆ ಅವನ ದಿನದಲ್ಲಿ ಉಳಿಯುವುದು ಹೊಲಿಗೆ ಮಾತ್ರ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಬಳ್ಳಾರಿಯಿಂದ ಬರುವ ಕನ್ನಡ ಪತ್ರಿಕೆಯೊಂದಕ್ಕೆ ಆಂಧ್ರದ ಗಡಿಯೊಳಗಿನ ರಾಯದುರ್ಗ, ಮಡಕಶಿರಾ ಕಡೆಯ ಸುದ್ದಿ ಕಳಿಸುತ್ತೇನೆ. ಹಾಗಾಗಿ ಈ ಆಟವನ್ನು ಅಂಚಿನಲ್ಲಿ ನಿಂತು ನೋಡಿದ್ದೇ ಹೆಚ್ಚು. ಊರೊಳಗಿನ ಪೈಪೋಟಿ, ಊರು ಊರುಗಳ ಪಂದ್ಯ ಇವೆಲ್ಲ ಆಟಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ಹತ್ತು ವರ್ಷದ ಹಿಂದೆ ತಟ್ಟನೆ ಒಳ್ಳೆಯದು ಅನ್ನುತ್ತಿದ್ದೆ. ಈಗ ಮೊದಲು ಭಾವನ ವಿಷಯ ಹೇಳಬೇಕಾಗುತ್ತದೆ.

ನಮ್ಮ ಕೋರ್ಟುಗಳಲ್ಲಿ ಅಂಪೈರ್ ಇರುತ್ತಿರಲಿಲ್ಲ. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬುದನ್ನು ಯಾರ ಕಡೆ ಬಿತ್ತೋ ಅವರೇ ಹೇಳಬೇಕು. ಅದರಲ್ಲೂ ಯಾರಿಗೆ ಹತ್ತಿರ ಬಿತ್ತೋ ಅವನೇ ಹೇಳಬೇಕು. ಎದುರಿನವರು ಬಾಯಿ ತೆರೆಯುವಂತಿಲ್ಲ. ತನಗೆ ನಷ್ಟವಾಗುವ ಮಾತನ್ನು ತಾನೇ ಹೇಳುವ ಪದ್ಧತಿ ಇದು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ದೊಡ್ಡ ಗುಣವೆಂದು ಯಾರೂ ಇದರ ಬಗ್ಗೆ ಹೇಳಿಕೊಳ್ಳುತ್ತಿರಲಿಲ್ಲ. ಅಂಪೈರ್ ಆಗಿ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ, ಎಲ್ಲರಿಗೂ ಆಡಬೇಕಿತ್ತು. ಕಾರಣ ಅಷ್ಟೇ ಇದ್ದೀತು. ಹಿಂದಿನ ಗೆರೆ ಕಾಯುವವನಿಗೆ ಮಾತ್ರ ಈ ಕೆಲಸ ಉಳಿದವರಿಗಿಂತ ಹೆಚ್ಚು. ಭಾವ "ಒಳಗ" ಎಂದು ಹೇಳಿ ಚೆಂಡನ್ನು ನೆಟ್ಟಿನ ಕೆಳಗೆ ಎದುರಿನವರಿಗೆ ಉರುಳಿಸುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಪಾಯಿಂಟ್ ಹೋಯಿತೆಂದು ಮುಖ ಸಪ್ಪಗಾಗುತ್ತಿರಲಿಲ್ಲ. ಹಿಂದೆ ಸರಿದು ಮತ್ತೆ ಬ್ಯಾಟು ಎತ್ತುತ್ತಿದ್ದ.

ವರ್ಷಕ್ಕೊಮ್ಮೆ ಯುಗಾದಿ ಆದ ಮೇಲೆ ಎರಡೂ ಕೋರ್ಟಿನವರು ಎದುರೆದುರಾಗುತ್ತಿದ್ದರು. ಸೋತವರು ಗೆದ್ದವರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಿಸಬೇಕು. ಕೆಣಕುವ ಮಾತು ಒಂದು ವಾರ ಮೊದಲೇ ಶುರುವಾಗುತ್ತಿತ್ತು. ಮೇಲಿನ ಕೋರ್ಟಿನ ಕ್ಯಾಪ್ಟನ್ ಗೊಬ್ಬರದ ಅಂಗಡಿಯವನು. ದೂರದ ಸಂಬಂಧದಲ್ಲಿ ಭಾವನಿಗೆ ಅಳಿಯನಾಗಬೇಕು. ಅವನು ಶೆಡ್ಡಿನ ಮುಂದೆ ಬೈಕು ನಿಲ್ಲಿಸಿ, "ಮಾವ, ಈ ಸಲ ನಿಮ್ಮೋರಿಗೆಲ್ಲ ಪ್ಯಾಂಟು ಒಂದೊಂದು ಹೊಲ್ದು ಇಟ್ಟಿರು, ಓಡಿ ಓಡಿ ಹರೀತಾವು" ಅನ್ನುತ್ತಿದ್ದ. ಭಾವ ಸೂಜಿಯಿಂದ ಕಣ್ಣು ತೆಗೆಯದೆ, "ನಿನ್ನ ಅಳತಿ ಕೊಟ್ಟು ಹೋಗಪ್ಪ, ಹೊಟ್ಟಿದು ಮೊದ್ಲು" ಅನ್ನುತ್ತಿದ್ದ. ನೋಡಲು ಬರುತ್ತಿದ್ದವರು ಎರಡು ಓಣಿಯ ಜನ ಮಾತ್ರ.

ನಡುವೆ ಒಂದೆರಡು ವರ್ಷ ಈ ಪಂದ್ಯ ನಿಂತುಹೋಗಿತ್ತು. ಆಗ ಎರಡು ಕೋರ್ಟುಗಳೂ ಸೊರಗಿದವು. ಇದನ್ನು ಹೇಳದೆ ಬಿಟ್ಟರೆ ನನ್ನ ಮಾತು ಒಂದು ಕಡೆಗೆ ವಾಲುತ್ತದೆ. ಮೇಲಿನ ಕೋರ್ಟಿನಲ್ಲಿ ಮುಳ್ಳುಗಿಡ ಬೆಳೆದವು. ಕೆಳಗಿನ ಕೋರ್ಟಿನಲ್ಲಿ ಯಾರೋ ಮೆಣಸಿನಕಾಯಿ ಒಣಹಾಕುತ್ತಿದ್ದರು. ಹುಡುಗರಿಗೆ ಕ್ರಿಕೆಟ್ ಸಾಕಾಗಿತ್ತು. ಗೊಬ್ಬರದಂಗಡಿಯವನೇ ಓಡಾಡಿ ಪಂದ್ಯವನ್ನು ಮತ್ತೆ ಶುರು ಮಾಡಿಸಿದ. ಈ ಸಲ ಫ್ಲೆಕ್ಸ್ ಬ್ಯಾನರು, ಮೈಕು, ಗೆದ್ದವರಿಗೆ ಕಪ್, ಮೊಬೈಲಿನಲ್ಲಿ ನೇರ ಪ್ರಸಾರ ಎಲ್ಲ ಬಂತು. ಒಂದು ಕಡೆಗೆ ಒಬ್ಬ ರಾಜಕೀಯ ನಾಯಕ, ಇನ್ನೊಂದು ಕಡೆಗೆ ಇನ್ನೊಬ್ಬ ನಾಯಕ ಟೀಶರ್ಟು ಕೊಡಿಸಿದರು. ಕೋರ್ಟಿಗೆ ದೀಪ ಬಂದವು, ಕಲ್ಲಿನ ಮೆಟ್ಟಿಲು ಬಂದವು, ಶಾಲೆಯ ಹುಡುಗಿಯರು ಬ್ಯಾಟು ಹಿಡಿದರು. ಇದೆಲ್ಲ ಪೈಪೋಟಿಯಿಂದಲೇ ಆದದ್ದು. ಭಾವನಿಗೂ ಇದು ಖುಷಿಯೇ. ಮೆಣಸಿನಕಾಯಿ ಗುಡಿಸಿದವರಲ್ಲಿ ಅವನೂ ಒಬ್ಬ.

ಅದೇ ಹೊತ್ತಿಗೆ ಜಿಲ್ಲೆ ಎರಡಾಯಿತು. ನಾವು ಅನಂತಪುರದಲ್ಲೇ ಉಳಿದೆವು, ಮಡಕಶಿರಾ ಹೊಸ ಜಿಲ್ಲೆಗೆ ಹೋಯಿತು. ಮೊದಲು ಜಿಲ್ಲಾ ಪಂದ್ಯಗಳಲ್ಲಿ ಎಂದಾದರೊಮ್ಮೆ ಸಿಗುತ್ತಿದ್ದ ಎರಡು ಊರುಗಳು ಇನ್ನು ಸಿಗುವಂತಿರಲಿಲ್ಲ. ಎರಡೂ ಕಡೆ ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು. ಹೆಣ್ಣು ಕೊಟ್ಟು ತಂದ ಸಂಬಂಧಗಳೂ ಇವೆ. ನಾವೇ ಒಂದು ಪಂದ್ಯ ಇಟ್ಟುಕೊಂಡರಾಯಿತು ಎಂದು ಗೊಬ್ಬರದಂಗಡಿಯವನು ಮಡಕಶಿರಾದ ಕ್ಯಾಪ್ಟನ್ನಿಗೆ ಫೋನು ಮಾಡಿದ. ಆ ಕ್ಯಾಪ್ಟನ್ ಅಲ್ಲೇ ಹತ್ತಿರದ ರೊಳ್ಳದ ಕಡೆಯವನು, ರೇಷ್ಮೆ ಹುಳು ಸಾಕುವವನು. ಮಾತು ಕೂಡಿತು. ರಾಯದುರ್ಗದಿಂದ ಎರಡೂ ಕೋರ್ಟು ಸೇರಿಸಿ ಒಂದು ತಂಡ ಮಾಡಬೇಕು ಎಂದಾಯಿತು.

ಮೇಲಿನ ಕೋರ್ಟಿನಿಂದ ಮೂವರು, ಕೆಳಗಿನಿಂದ ಇಬ್ಬರು. ಆ ಇಬ್ಬರಲ್ಲಿ ಭಾವ ಒಬ್ಬ. ನಲವತ್ತೈದು ದಾಟಿದ ಮೇಲೆ ಮೊದಲ ಸಲ ಊರಿನ ಹೆಸರಿನಲ್ಲಿ ಹೊರಗೆ ಆಡಲು ಹೊರಟಿದ್ದ. ಟೀಶರ್ಟು ಬಂದ ದಿನ ಅದು ಭುಜದಲ್ಲಿ ಸಡಿಲವೆಂದು ಬಿಚ್ಚಿ ತಾನೇ ಮತ್ತೆ ಹೊಲಿದುಕೊಂಡ. ಉಳಿದ ನಾಲ್ವರೂ ತಮ್ಮ ತಮ್ಮ ಟೀಶರ್ಟು ತಂದು ಕೊಟ್ಟರು. ಎಲ್ಲರದ್ದನ್ನೂ ಸರಿ ಮಾಡಿದ.

ಕಲ್ಯಾಣದುರ್ಗ ದಾಟಿ ಪಾವಗಡದ ಮೇಲೆ ಮಡಕಶಿರಾಕ್ಕೆ ಹೋದೆವು. ಆಟಗಾರರಿಗೆ ಒಂದು ವ್ಯಾನು, ಹಿಂದೆ ನೋಡುವವರದ್ದು ಎರಡು ಬೊಲೆರೊ. ನಡುವೆ ಕರ್ನಾಟಕ ಬಂದು ಮತ್ತೆ ಆಂಧ್ರ ಬರುವ ದಾರಿ ಅದು. ಪಾವಗಡದಲ್ಲಿ ಇಳಿದು ಚಹಾ ಕುಡಿದೆವು. ಗೊಬ್ಬರದಂಗಡಿಯವನು ಖುಷಿಯಲ್ಲಿದ್ದ. ಗೆದ್ದರೆ ವಾಪಸ್ಸು ಬರುವಾಗ ಇಲ್ಲೇ ಊಟ ಎಂದು ಹೋಟೆಲಿನವನಿಗೆ ಹೇಳಿ ಇಟ್ಟ.

ಮಡಕಶಿರಾದಲ್ಲಿ ಅಂಪೈರ್ ಇದ್ದರು. ಬೇರೆ ಊರಿನ ದೈಹಿಕ ಶಿಕ್ಷಕರು, ಎತ್ತರದ ಸ್ಟೂಲಿನ ಮೇಲೆ. ನಾಲ್ಕು ಮೂಲೆಗೆ ಬಾವುಟ ಹಿಡಿದ ನಾಲ್ವರು. ಸುಣ್ಣದ ಗೆರೆ ಹೊಸದಾಗಿ ಎಳೆದಿದ್ದರು. ಜನ ತುಂಬಾ ಸೇರಿದ್ದರು, ನಮ್ಮವರೂ ಕಡಿಮೆ ಇರಲಿಲ್ಲ. ಮೊದಲ ಗೇಮು ಅವರದು, ಎರಡನೆಯದು ನಮ್ಮದು. ಮೂರನೆಯದರ ಕೊನೆಯ ಹೊತ್ತಿಗೆ ನಾವು ಒಂದೋ ಎರಡೋ ಪಾಯಿಂಟ್ ಮುಂದಿದ್ದೆವು. ಆಗಷ್ಟೇ ಚೆಂಡು ಬದಲಾಯಿಸಿದ್ದರು. ಅವರ ನಡುವಿನ ಆಟಗಾರ ಹೊಡೆದ ಚೆಂಡು ಭಾವನ ತಲೆಯ ಮೇಲಿಂದ ಹಿಂದಿನ ಗೆರೆಯ ಹತ್ತಿರ ಬಿತ್ತು. ಬಾವುಟದವನು ಹೊರಗೆ ಎಂದು ತೋರಿಸಿದ. ಅಂಪೈರ್ ನಮಗೆ ಪಾಯಿಂಟ್ ಕೊಟ್ಟರು. ನಮ್ಮವರು ಕೂಗಿದರು.

ಭಾವ ತಿರುಗಿ ಚೆಂಡು ಎತ್ತಿಕೊಂಡ. ಒಂದು ಕಡೆ ಸುಣ್ಣ ಹತ್ತಿತ್ತು. ಹೊಸ ಉಣ್ಣೆಯಾದ್ದರಿಂದ ದೂರದಿಂದಲೂ ಬಿಳಿ ಕಾಣುತ್ತಿತ್ತು. ಅವನು ಯೋಚನೆ ಮಾಡಿದನೆಂದು ನನಗೆ ಅನ್ನಿಸಲಿಲ್ಲ. "ಗೆರಿ ಮ್ಯಾಲ ಬಿತ್ರಿ, ಒಳಗ" ಎಂದು ಚೆಂಡನ್ನು ನೆಟ್ಟಿನ ಕೆಳಗೆ ಉರುಳಿಸಿದ.

ಅಂಪೈರಿಗೆ ಏನಾಯಿತೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಚೆಂಡು ತರಿಸಿ ನೋಡಿ ಪಾಯಿಂಟನ್ನು ಮಡಕಶಿರಾಕ್ಕೆ ಬದಲಾಯಿಸಿದರು. ಅವರ ಜನ ಶಿಳ್ಳೆ ಹೊಡೆದರು. ನಮ್ಮ ಬೊಲೆರೊದಲ್ಲಿ ಬಂದವರ ಕಡೆಯಿಂದ ಒಬ್ಬ ತೆಲುಗಿನಲ್ಲಿ "ಅಮ್ಮುಡುಪೋಯಾಡು" ಎಂದ, ಮಾರಿಕೊಂಡ ಎಂದು. ಆಮೇಲೆ ಅದನ್ನೇ ಹಲವರು ಹೇಳಿದರು.

ಪಂದ್ಯ ಅಲ್ಲಿಗೇ ಮುಗಿಯಲಿಲ್ಲ. ಆಮೇಲೆ ಇನ್ನೂ ಕೆಲವು ಪಾಯಿಂಟ್ ಆಡಿದರು. ಮೇಲಿನ ಕೋರ್ಟಿನ ನಡುವಿನವನು, ಕುರಿಗಾರರ ಮನೆಯ ಒಳ್ಳೆಯ ಆಟಗಾರ, ಎರಡು ಸುಲಭದ ಚೆಂಡನ್ನು ನೆಟ್ಟಿಗೆ ಹೊಡೆದ. ನಮ್ಮ ಕ್ಯಾಪ್ಟನ್ ಗೊಬ್ಬರದಂಗಡಿಯವನ ಸರ್ವೀಸ್ ಒಂದು ಹೊರಗೆ ಹೋಯಿತು. ಭಾವ ಒಂದೂ ತಪ್ಪು ಮಾಡಲಿಲ್ಲ. ಇವನ್ನು ನಾನು ಅಲ್ಲೇ ಬರೆದುಕೊಂಡಿದ್ದೆ. ನಾವು ಸೋತೆವು. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಆ ನಾಲ್ಕು ಸಾಲಿನಲ್ಲಿ ಗೆರೆಯ ಮಾತಿಗೆ ಜಾಗವಿರಲಿಲ್ಲ. ಊರಿನಲ್ಲಿ ಮಾತ್ರ ಬೇರೆ ಯಾವ ಮಾತಿಗೂ ಜಾಗ ಉಳಿಯಲಿಲ್ಲ.

ವಾಪಸ್ಸು ಬರುವಾಗ ಪಾವಗಡದಲ್ಲಿ ವ್ಯಾನು ನಿಲ್ಲಲಿಲ್ಲ. ಅದು ದಾಟಿದ ಮೇಲೆ ಗೊಬ್ಬರದಂಗಡಿಯವನು ಮುಂದಿನ ಸೀಟಿನಿಂದ ತಿರುಗದೆಯೇ ಕೇಳಿದ.

"ಮಾವ, ನಿನ್ನ ಯಾರು ಕೇಳಿದ್ರು?"

"ಯಾರ್ ಕೇಳ್ಬೇಕು? ನನ್ ಕಡಿ ಬಿತ್ತಲ್ಲ."

"ಅಲ್ಲಿ ಅಂಪೈರ್ ಕುಂತಿದ್ನಲ್ಲ. ಅದು ಅವನ ಕೆಲಸ. ನಾಳೆ ಅವನು ನಮ್ಮ ವಿರುದ್ಧ ತಪ್ಪು ಕೊಟ್ರ, ಅವರ ಪೈಕಿ ಒಬ್ಬ ಬಂದು ಹೇಳ್ತಾನೇನು?"

"ಅದು ಅವರಿಗೆ ಬಿಟ್ಟಿದ್ದು."

"ಹಂಗಲ್ಲ ಮಾವ. ಊರ ಮಂದಿ ಡೀಸೆಲ್ ಹಾಕ್ಕೊಂಡು ಬಂದಾರ. ಇದು ನಿಮ್ಮ ಓಣಿ ಆಟ ಅಲ್ಲ."

ಅಳಿಯನ ಮಾತಿನಲ್ಲಿ ತಿರುಳಿಲ್ಲವೆಂದು ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ತೀರ್ಪು ಹೇಳಲು ಒಬ್ಬನನ್ನು ಕೂರಿಸಿದ ಮೇಲೆ ಆಟಗಾರ ಆಡಬೇಕು, ತೀರ್ಪುಗಾರ ತೀರ್ಪು ಕೊಡಬೇಕು. ಒಂದು ಕಡೆಯವರಷ್ಟೇ ಪಾಲಿಸುವ ಪದ್ಧತಿಯಿಂದ ನಷ್ಟವಾಗುವುದು ಆ ಕಡೆಯವರಿಗೇ. ಭಾವ ಇದನ್ನೆಲ್ಲ ತೂಗಿ ನೋಡಿ ಬೇರೆ ನಿರ್ಧಾರಕ್ಕೆ ಬಂದವನಲ್ಲ. ಇಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿದ. ಅವನಿಗೆ ಅದು ಆಟದ ಹೊರಗಿನ ಕೆಲಸವೇ ಆಗಿರಲಿಲ್ಲ.

ಕೆಳಗಿನ ಕೋರ್ಟಿನಲ್ಲಿ ಅವನನ್ನು ಯಾರೂ ಬೇಡವೆನ್ನಲಿಲ್ಲ. ಆದರೆ ಚೆಂಡು ಹಿಂದಿನ ಗೆರೆಯ ಹತ್ತಿರ ಬಿದ್ದಾಗಲೆಲ್ಲ ಯಾರಾದರೊಬ್ಬರು "ಸಾಹೇಬ್ರನ್ನ ಕೇಳ್ರಪ್ಪ, ತೀರ್ಪು ಬರ್ಲಿ" ಅನ್ನತೊಡಗಿದರು. ಮೊದಮೊದಲು ಅವನೂ ನಗುತ್ತಿದ್ದ. ಆಮೇಲೆ "ಒಳಗ" ಎನ್ನುವ ಮುಂಚೆ ಒಂದು ಗಳಿಗೆ ತಡೆಯತೊಡಗಿದ. ಅದೊಂದು ಗಳಿಗೆಯನ್ನು ನಾನು ಹಿಂದೆ ಯಾವತ್ತೂ ಅವನಲ್ಲಿ ಕಂಡಿರಲಿಲ್ಲ. ಸಂಜೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಮುಂದಿನ ಯುಗಾದಿಗೆ ಎರಡು ಕೋರ್ಟುಗಳ ಪಂದ್ಯ ಬಂತು. ಅಷ್ಟರಲ್ಲಿ ಎರಡೂ ಕಡೆಯವರು ಹೊರಗಿನಿಂದ ಆಟಗಾರರನ್ನು ಕರೆತರುವುದು ರೂಢಿಯಾಗಿತ್ತು. ಕೆಳಗಿನ ಕೋರ್ಟಿನವರು ಬಳ್ಳಾರಿಯಿಂದ ಇಬ್ಬರನ್ನು ಕರೆಸಿದರು. ಅವರಲ್ಲೊಬ್ಬ ಹಿಂದಿನ ಎಡಗಡೆ ಆಡುವವನು. ಹಿಂದಿನ ರಾತ್ರಿ ಓಣಿಯ ಹಿರಿಯರು ಭಾವನ ಶೆಡ್ಡಿಗೆ ಬಂದರು. ನಾನು ಅಲ್ಲೇ ಇದ್ದೆ. ಅವರ ಮಾತು ಬಹಳ ಮರ್ಯಾದೆಯಿಂದ ಕೂಡಿತ್ತು. ಈ ಸಲ ಅಂಪೈರ್ ಬೇಕು, ಹೊರಗಿನವರನ್ನು ನಂಬುವಂತಿಲ್ಲ, ಮೇಲಿನ ಕೋರ್ಟಿನವರು ಕೂಡ ಒಪ್ಪುವ ಮನುಷ್ಯ ಊರಿನಲ್ಲಿ ಒಬ್ಬನೇ ಎಂದರು. "ನಿಮ್ಮಂಥೋರು ಮ್ಯಾಲ ಕುಂದರ್ಬೇಕ್ರಿ" ಎಂದು ಒಬ್ಬರು ಹೇಳಿದರು.

ಅಕ್ಕ ಚಹಾ ಕೊಟ್ಟಳು. ಭಾವ ಆಗಲಿ ಎಂದ. ಅವರು ಹೋದ ಮೇಲೆ ಅಕ್ಕ, "ನಿನ್ನ ಜಾಗಕ್ಕ ಬ್ಯಾರೆಯವನ್ನ ಕರೆಸ್ಯಾರ ಅಂತ ನೇರ ಹೇಳಾಕ ಅವರಿಗೆ ಬಾಯಿ ಬರ್ಲಿಲ್ಲ" ಎಂದಳು. ಅವನು ಅದಕ್ಕೂ ಹೂಂ ಎಂದ.

ಪಂದ್ಯದ ದಿನ ಸ್ಟೂಲಿನ ಮೇಲೆ ಕುಳಿತ. ಕೊರಳಿಗೆ ಪೀಪಿ ಹಾಕಿದ್ದರು. ಮೊದಲ ಕೆಲವು ಪಾಯಿಂಟ್ ಸರಿಯಾಗಿ ನಡೆದವು. ಆಮೇಲೆ ಪ್ರತಿ ಚೆಂಡಿಗೂ ಎರಡೂ ಕಡೆಯವರು ಸ್ಟೂಲಿನ ಸುತ್ತ ಬಂದು ನಿಲ್ಲತೊಡಗಿದರು. ಅಂಪೈರ್ ಇದ್ದ ಮೇಲೆ ತಾವೇ ಹೇಳಬೇಕಾದ ಹೊಣೆ ಯಾರಿಗೂ ಇರಲಿಲ್ಲ. ತಮ್ಮ ಕಾಲ ಬುಡದಲ್ಲಿ ಒಳಗೆ ಬಿದ್ದದ್ದನ್ನು ಹೊರಗೆ ಎಂದು ಕೂಗಿ, ಒಪ್ಪಿದರೆ ಲಾಭ, ಇಲ್ಲದಿದ್ದರೆ ಇದ್ದದ್ದೇ ಎನ್ನುವ ಲೆಕ್ಕ. ಬಳ್ಳಾರಿಯಿಂದ ಬಂದ ಹುಡುಗರಷ್ಟೇ ಅಲ್ಲ, ಭಾವನ ಜೊತೆ ವರ್ಷಗಟ್ಟಲೆ ಆಡಿದವರೂ ಹಾಗೇ ಮಾಡಿದರು. ದೂರದ ಮೂಲೆಯಲ್ಲಿ ಒಂದು ಚೆಂಡು ಬಿದ್ದಾಗ ಎಲ್ಲರೂ ಅವನತ್ತ ನೋಡಿದರು.

"ನನಗ ಕಾಣ್ಲಿಲ್ಲ" ಎಂದ ಭಾವ. ಆ ಮೂಲೆಯಲ್ಲಿ ನಿಂತ ತನ್ನ ಹಳೆಯ ಜೊತೆಗಾರನನ್ನು ಕೇಳಿದ. "ನಿನ್ನ ಹತ್ರ ಬಿತ್ತು. ನೀ ಹೇಳು."

ಅವನು ನೆಲ ನೋಡಿದ. "ನೀನ ಅಂಪೈರ್ ಅಲ್ಲೇನು" ಎಂದ.

ಭಾವ ಸ್ಟೂಲಿನಿಂದ ಇಳಿದ. ಸಿಟ್ಟಿನಿಂದ ಇಳಿದವನಂತೆ ಕಾಣಲಿಲ್ಲ. ಪೀಪಿ ತೆಗೆದು ಸ್ಟೂಲಿನ ಮೇಲಿಟ್ಟು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಮನೆಯ ಕಡೆ ಹೋದ. ಮೈಕಿನವನು ಸಣ್ಣ ವಿರಾಮ ಎಂದು ಹೇಳಿದ. ಮೇಷ್ಟ್ರೊಬ್ಬರು ಸ್ಟೂಲು ಹತ್ತಿದರು.

ಆ ದಿನದಿಂದ ಅವನು ಸಂಜೆ ಕೋರ್ಟಿಗೆ ಹೋಗಿಲ್ಲ. ಯಾರ ಮೇಲೂ ದೂರು ಹೇಳಿಲ್ಲ. ಗೊಬ್ಬರದಂಗಡಿಯ ಅಳಿಯ ಶೆಡ್ಡಿನ ಮುಂದೆ ಬೈಕು ನಿಲ್ಲಿಸಿದರೆ ಮಾತಾಡಿಸುತ್ತಾನೆ. ಮಗಳ ಸೀಮಂತಕ್ಕೆ ಎರಡೂ ಕೋರ್ಟಿನವರನ್ನು ಕರೆದ, ಎಲ್ಲರೂ ಬಂದು ಉಂಡು ಹೋದರು. ಆಟದ ಮಾತು ಬಂದಾಗ ಮಾತ್ರ ಎದ್ದು ಎಲೆ ಹಾಕಲು ಹೋಗುತ್ತಿದ್ದ.

ರೇಷ್ಮೆಗೂಡಿನ ಸುದ್ದಿಗೆಂದು ರೊಳ್ಳದ ಕಡೆ ಹೋದಾಗ ಮಡಕಶಿರಾದ ಆ ಕ್ಯಾಪ್ಟನ್ ಸಿಕ್ಕಿದ. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ. ನಾನು ರಾಯದುರ್ಗದವನೆಂದು ತಿಳಿದ ಕೂಡಲೇ ಅವನೇ ಆ ಪಾಯಿಂಟಿನ ಮಾತು ಎತ್ತಿದ.

"ಅಣ್ಣಾ, ಸುಳ್ಯಾಕೆ ಹೇಳ್ಲಿ. ಆ ಬಾಲು ನಮ್ ಕಡೆ ಬಿದ್ದಿದ್ರೆ ನಾನು ಬಾಯ್ ಮುಚ್ಕಂಡಿರ್ತಿದ್ದೆ. ಆ ಟೈಲರಣ್ಣ ಇನ್ನೂ ಆಡ್ತಾರಾ?"

ಇಲ್ಲ ಎಂದೆ. ಯಾಕೆ ಎಂದು ಕೇಳಿದ, ಹೇಳಿದೆ. ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿ, "ಅಯ್ಯೋ, ನಾವು ಆ ಮ್ಯಾಚೇ ಇಡ್ಬಾರ್ದಾಗಿತ್ತು ಕಣಣ್ಣ" ಎಂದ. ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಸಲ ರಾಯದುರ್ಗದಲ್ಲಿ ಪಂದ್ಯ ಯಾವಾಗ ಎಂದು ಕೇಳಿದ. ಅವನೂ ಆಟಗಾರ, ಕೇಳದೆ ಇರಲಾರ.

ಪಂದ್ಯಗಳು ನಡೆಯುತ್ತಲೇ ಇವೆ. ನೋಡುವವರು ಹೆಚ್ಚಿದ್ದಾರೆ, ಆಡುವ ಮಕ್ಕಳೂ ಹೆಚ್ಚಿದ್ದಾರೆ. ಮುಳ್ಳುಗಿಡ ಬೆಳೆದಿದ್ದ ಆ ವರ್ಷಗಳು ಮತ್ತೆ ಬರಲಿ ಎಂದು ನಾನು ಹೇಳಲಾರೆ. ಆದರೆ ಪಂದ್ಯವಿಲ್ಲದ ಮಾಮೂಲಿ ಸಂಜೆಗಳಲ್ಲೂ ಈಗ ಗೆರೆಯ ಮೇಲಿನ ಪ್ರತಿ ಚೆಂಡಿಗೆ ಆಟ ನಿಲ್ಲುತ್ತದೆ. ಎದುರೆದುರು ನಿಂತವರು ಒಬ್ಬರನ್ನೊಬ್ಬರು ನಂಬದೆ ಇರುವುದನ್ನು ದೊಡ್ಡ ಪಂದ್ಯದಲ್ಲಿ ಕಲಿತು ಓಣಿಗೆ ತಂದುಕೊಂಡಿದ್ದಾರೆ. ಶಾಲೆಯ ಹುಡುಗಿಯರಿಗೆ ಹಳೆಯ ಪದ್ಧತಿ ಗೊತ್ತೇ ಇಲ್ಲ. ಒಮ್ಮೆ ಅವರಿಗೆ ಅದನ್ನು ವಿವರಿಸಲು ಹೋದೆ. "ಹಂಗ ಹೇಳಿದ್ರ ಸೋಲ್ತೀವಲ್ಲ ಸರ್" ಎಂದಳು ಒಬ್ಬಳು. ಹೌದು, ಕೆಲವು ಸಲ ಸೋಲುತ್ತೀರಿ ಎಂದೆ.

ಕಳೆದ ತಿಂಗಳು ಕೆಳಗಿನ ಕೋರ್ಟಿನಲ್ಲಿ ಒಬ್ಬ ಕಾಲು ಉಳುಕಿಸಿಕೊಂಡ. ಮೇಲಿನವರ ಜೊತೆ ಅಭ್ಯಾಸದ ಆಟವಿತ್ತು, ನಾಲ್ವರೇ ಉಳಿದರು. ಅಂದು ಮೂಲೆಯಲ್ಲಿ ನಿಂತು ನೆಲ ನೋಡಿದ ಆ ಹಳೆಯ ಜೊತೆಗಾರ ತಾನೇ ಶೆಡ್ಡಿಗೆ ಬಂದ. ಬಾಗಿಲಲ್ಲಿ ನಿಂತು, ಬಾ ಎಂದು ಕರೆದ. ಭಾವ ಕೈಯಲ್ಲಿದ್ದ ಪ್ಯಾಂಟನ್ನು ಪಕ್ಕಕ್ಕಿಟ್ಟ. ಹೋಗುತ್ತಾನೆಂದೇ ಅಲ್ಲೇ ಕುಳಿತಿದ್ದ ನನಗೆ ಅನ್ನಿಸಿತು. ಒಳಗಿದ್ದ ಅಕ್ಕ ಕೂಡ ಬಾಗಿಲಿಗೆ ಬಂದು ನಿಂತಳು.

"ಗೆರಿ ಯಾರು ಹೇಳ್ತೀರಿ ಈಗ?" ಎಂದು ಭಾವ ಕೇಳಿದ.

"ಅದರ ಚಿಂತಿ ಬಿಡು. ಎರಡೂ ಕಡಿ ಸ್ಟ್ಯಾಂಡಿಗೆ ಮೊಬೈಲ್ ಇಟ್ಟೀವಿ. ಜಗಳ ಬಂದ್ರ ಅದ್ರಾಗ ನೋಡ್ತೀವಿ. ನೀ ಬರೇ ಆಡು."

ಭಾವ, "ಹಂಗಾದ್ರ ನನ್ನ ಕೆಲಸ ಅರ್ಧ ಆತಲ್ಲ" ಎಂದ.

ಜೊತೆಗಾರ ನಕ್ಕ, ತಮಾಷೆ ಎಂದುಕೊಂಡು. ಆಮೇಲೆ ನಗು ನಿಲ್ಲಿಸಿದ. ಇಬ್ಬರೂ ಮಳೆಯ ಬಗ್ಗೆ, ಬಳ್ಳಾರಿಯಿಂದ ಬಾರದ ಬಟ್ಟೆಯ ಬಗ್ಗೆ ಎರಡು ಮಾತಾಡಿದರು. ಭಾವ ಪ್ಯಾಂಟನ್ನು ಮತ್ತೆ ಎಳೆದುಕೊಂಡ. ಜೊತೆಗಾರ ಹೊರಗೆ ಬಂದು ಹತ್ತಿರದ ಬೊಮ್ಮನಹಾಳಿಗೆ ಫೋನು ಮಾಡಿದ. ಅಲ್ಲಿಂದ ಒಬ್ಬ ಬೈಕಿನಲ್ಲಿ ಬಂದ. ಆಟ ಸ್ವಲ್ಪ ತಡವಾಗಿ ಶುರುವಾಯಿತು.